ಮಡಿಲಲ್ಲಿ ಮಲಗುತ್ತಿದ್ದ ಕುರಿಮರಿ: ಹಳೆಯ ಗೊಂಬೆ ಇಟ್ಟುಕೊಳ್ಳುವುದು ತಪ್ಪೇ?

ಈ ಬೆಳಿಗ್ಗೆ ನಾವು ಧ್ಯಾನಿಸುವ ವಾಕ್ಯಭಾಗ 2 ಸಮುವೇಲ 12ನೇ ಅಧ್ಯಾಯ, 1ರಿಂದ 6ರವರೆಗಿನ ವಚನಗಳು. ಸತ್ಯವೇದ ತೆರೆದಿಟ್ಟುಕೊಳ್ಳಿ.

ವಿಷಯ ಹೇಳಿದರೆ ಕೆಲವರಿಗೆ ನಗು ಬರಬಹುದು. ಚಿಕ್ಕಂದಿನಲ್ಲಿ ತಬ್ಬಿಕೊಂಡು ಮಲಗುತ್ತಿದ್ದ ಬಟ್ಟೆಗೊಂಬೆಯನ್ನೋ, ಟೆಡ್ಡಿ ಕರಡಿಯನ್ನೋ ದೊಡ್ಡವರಾದ ಮೇಲೂ ಇಟ್ಟುಕೊಳ್ಳಬಹುದಾ? ಇದಕ್ಕೂ ಒಂದು ಪ್ರಸಂಗ ಬೇಕಾ ಪಾಸ್ಟರ್ ಅಂತ ಕೇಳಬೇಡಿ. ನಮ್ಮ ಮುತ್ತಿನಕೊಪ್ಪ, ಎನ್.ಆರ್.ಪುರ ಕಡೆ ಮನೆ ಭೇಟಿಗೆ ಹೋದಾಗ ಈ ಪ್ರಶ್ನೆ ಕಣ್ಣೀರಿನ ಸಮೇತ ಎದುರಿಗೆ ಬಂದಿದೆ.

ಒಂದು ಮನೆ. ಮಗಳು ನರ್ಸಿಂಗ್ ಓದೋದಕ್ಕೆ ಹಾಸ್ಟೆಲಿಗೆ ಹೊರಟಿದ್ದಾಳೆ. ಬ್ಯಾಗಿನಲ್ಲಿ ಬಟ್ಟೆ, ಸತ್ಯವೇದ, ಜೊತೆಗೆ ಒಂದು ಕಿವಿ ಕಿತ್ತುಹೋದ ಕರಡಿ ಗೊಂಬೆ. ಶಿವಮೊಗ್ಗದ ಗಾಂಧಿ ಬಜಾರಿನಿಂದ ಅಪ್ಪ ತಂದುಕೊಟ್ಟಿದ್ದು. ಅಪ್ಪ ಈಗ ಇಲ್ಲ. ಮನೆಗೆ ಬಂದಿದ್ದ ನೆಂಟರೊಬ್ಬರು, ಅವರೂ ವಿಶ್ವಾಸಿಗಳೇ, "ಇಷ್ಟೊಂದು ಹಚ್ಚಿಕೊಂಡರೆ ಅದು ವಿಗ್ರಹವೇ, ಬಚ್ಚಲ ಒಲೆಗೆ ಹಾಕಿ" ಅಂದರು. ತಾಯಿ ನಡುವೆ ಸಿಕ್ಕಿಕೊಂಡರು. ದೇವರನ್ನು ದುಃಖಪಡಿಸಬಾರದು, ಮಗಳ ಮನಸ್ಸೂ ಮುರಿಯಬಾರದು. ಅವರು ಕೇಳಿದ್ದು ಒಂದೇ ಮಾತು: "ಪಾಸ್ಟರ್, ಸುಡಬೇಕಾ?"

ಈಗ ನಾತಾನನ ಬಳಿಗೆ ಹೋಗೋಣ. ದಾವೀದನ ಪಾಪವನ್ನು ತೋರಿಸುವುದಕ್ಕೆ ಪ್ರವಾದಿ ಒಂದು ಕಥೆ ಹೇಳುತ್ತಾನೆ. ಐಶ್ವರ್ಯವಂತನಿಗೆ ಲೆಕ್ಕವಿಲ್ಲದಷ್ಟು ಕುರಿ, ದನ. ಬಡವನಿಗೆ ಒಂದೇ ಒಂದು ಹೆಣ್ಣು ಕುರಿಮರಿ. ಅದು ಅವನ ಮಕ್ಕಳ ಜೊತೆ ಬೆಳೆಯಿತು, ಅವನ ತುತ್ತಿನಲ್ಲಿ ತಿಂದಿತು, ಅವನ ಬಟ್ಟಲಲ್ಲಿ ಕುಡಿಯಿತು, ಅವನ ಮಡಿಲಲ್ಲೇ ಮಲಗಿತು. ಮಗಳ ಹಾಗೆ ಇತ್ತು. ಐಶ್ವರ್ಯವಂತ ತನ್ನ ಮನೆಗೆ ಬಂದ ಅತಿಥಿಗೆ ಅದನ್ನೇ ಅಡುಗೆ ಮಾಡಿಸಿದ.

ಗಮನಿಸಿ. ನಾತಾನನು ಆ ಬಡವನನ್ನು ಗದರಿಸಲಿಲ್ಲ. "ಒಂದು ಪ್ರಾಣಿಗೆ ಇಷ್ಟೊಂದು ಪ್ರೀತಿನಾ, ಇದು ಅತಿಯಾಯ್ತು" ಅನ್ನಲಿಲ್ಲ. ಐಶ್ವರ್ಯವಂತನ ಕಣ್ಣಿಗೆ ಕುರಿ ಅಂದರೆ ಕುರಿ, ಯಾವುದಾದರೇನು! ಅವನು ಕದ್ದದ್ದು ತಪ್ಪು, ಸರಿ. ಆದರೆ ಅದಕ್ಕೂ ಮುಂಚೆ, ಇನ್ನೊಬ್ಬನ ಮಡಿಲಲ್ಲಿ ಏನಿದೆ ಅಂತ ಅವನು ನೋಡಲೇ ಇಲ್ಲ. ದಾವೀದನು ಕೋಪಗೊಂಡು, ಒಂದಕ್ಕೆ ನಾಲ್ಕು ಕೊಡಬೇಕು ಅಂದ. ನ್ಯಾಯಪ್ರಮಾಣದಲ್ಲೂ ಕುರಿಗೆ ನಾಲ್ಕೇ ಲೆಕ್ಕ. ಆದರೆ ನಾಲ್ಕು ಮರಿ ತಂದು ಕಟ್ಟಿದರೆ ಆ ಬಡವನ ಮಡಿಲು ತುಂಬುತ್ತಾ? ನೀವೇ ಹೇಳಿ.

ಇದನ್ನೇ ವಿಜ್ಞಾನಿಗಳೂ ಮಕ್ಕಳಲ್ಲಿ ನೋಡಿದ್ದಾರೆ. ಬ್ರೂಸ್ ಹುಡ್, ಪಾಲ್ ಬ್ಲೂಮ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚಿಕ್ಕ ಮಕ್ಕಳಿಗೆ ಒಂದು ಯಂತ್ರ ತೋರಿಸಿ, ಇದರಲ್ಲಿ ಏನಿಟ್ಟರೂ ಅದರ ಹಾಗೇ ಇನ್ನೊಂದು ಬರುತ್ತೆ ಅಂತ ನಂಬಿಸಿದರು. ಬೇರೆ ಆಟಿಕೆ ಇಟ್ಟಾಗ ಮಕ್ಕಳು ಹೊಸದನ್ನು ತೆಗೆದುಕೊಳ್ಳೋಕೆ ಹಿಂದೆಮುಂದೆ ನೋಡಲಿಲ್ಲ. ತಾವು ದಿನಾ ತಬ್ಬಿ ಮಲಗುವ ಗೊಂಬೆ ಇಟ್ಟಾಗ ಹೆಚ್ಚಿನ ಮಕ್ಕಳು ತಮ್ಮ ಹಳೆಯದನ್ನೇ ಕೇಳಿದರು. ಕೆಲವು ಮಕ್ಕಳಂತೂ ಅದನ್ನು ಯಂತ್ರದೊಳಗೆ ಇಡೋದಕ್ಕೇ ಬಿಡಲಿಲ್ಲ.

ಇದು ಮಗುವಿನ ಹಠ ಅಂತೀರಾ? ನನಗೆ ಲೂಕ 15 ನೆನಪಾಗುತ್ತೆ. ನೂರರಲ್ಲಿ ತೊಂಬತ್ತೊಂಬತ್ತು ಇದೆಯಲ್ಲ, ಒಂದು ಹೋದರೆ ಹೋಗಲಿ ಅಂತ ಕುರುಬನು ಅನ್ನಲಿಲ್ಲ. ಅವನಿಗೆ ಬೇಕಾದದ್ದು ಆ ಒಂದೇ. "ಇದೇ ಬೇಕು, ಇದರಂಥದ್ದಲ್ಲ" ಅನ್ನುವ ಪ್ರೀತಿಯ ಮೊದಲ ಪಾಠವನ್ನು ಮಗು ಎಷ್ಟೋ ಸಲ ಒಂದು ಗೊಂಬೆಯಿಂದ ಕಲಿಯುತ್ತೆ. ಆಮೆನ್?

ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನ್ನಿಕಾಟ್ 1951ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಓದಿದರು. ತಾಯಿ ಕಣ್ಣಿಗೆ ಕಾಣದಾಗ ಮಗುವಿಗೆ ಆಸರೆಯಾಗುವುದು ಇಂಥ ಗೊಂಬೆ, ಹಳೇ ಬಟ್ಟೆ ತುಂಡು. ಕೊಳೆಯಾದರೂ ತಾಯಂದಿರು ಅದನ್ನು ಒಗೆಯೋಕೆ ಹೋಗಲ್ಲ, ಆ ವಾಸನೆ ಹೋದರೆ ಮಗುವಿಗೆ ಅದು ಬೇರೆ ಗೊಂಬೆಯೇ ಅಂತ ಅವರಿಗೆ ಗೊತ್ತು ಅಂದರು. ನಮ್ಮ ಮಲೆನಾಡಿನ ಅಮ್ಮಂದಿರಿಗೂ ಇದು ಗೊತ್ತು. ಮಳೆಗಾಲದಲ್ಲಿ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬಂದರೂ, ಎಸೆಯದೆ ಒಲೆ ಮೇಲಿನ ಬಿಸಿಗೆ ಒಣಗಿಸಿ ಕೊಡ್ತಾರೆ.

ಸರಿ, ಹಾಗಾದರೆ ವಿಗ್ರಹದ ಮಾತು? ಕೆಲವರು ಟೆಡ್ಡಿ ಅನ್ನೋ ಹೆಸರಿನ ಹಿಂದೆಯೇ ಏನೋ ಇದೆ ಅಂತ ಹೆದರಿಸ್ತಾರೆ. ಏನೂ ಇಲ್ಲ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಟ್ಟಿಹಾಕಿದ್ದ ಒಂದು ಕರಡಿಗೆ ಗುಂಡು ಹೊಡೆಯೋದಿಲ್ಲ ಅಂದರು. ಪತ್ರಿಕೆಯಲ್ಲಿ ಅದರ ವ್ಯಂಗ್ಯಚಿತ್ರ ಬಂತು. ಅದಾದ ಮೇಲೆ ಕರಡಿ ಗೊಂಬೆಗೆ ಅವರ ಅಡ್ಡಹೆಸರು ಬಿತ್ತು, ಅಷ್ಟೇ.

ಆದರೆ ಎಚ್ಚರಿಕೆ ಬೇಡವೇ? ಬೇಕು. ಅರಣ್ಯಕಾಂಡ 21ರಲ್ಲಿ ಮೋಶೆ ದೇವರ ಅಪ್ಪಣೆಯಿಂದಲೇ ತಾಮ್ರದ ಸರ್ಪ ಮಾಡಿಸಿದ. ಅದು ನೂರಾರು ವರ್ಷ ಉಳಿಯಿತು. 2 ಅರಸುಗಳು 18ರಲ್ಲಿ ಹಿಜ್ಕೀಯ ಅರಸನು ಅದನ್ನು ಒಡೆದು ಚೂರುಮಾಡಿದ. ಯಾಕೆ? ಹಳೆಯದು ಅಂತಲ್ಲ. ಜನರು ಅದಕ್ಕೆ ಧೂಪ ಹಾಕತೊಡಗಿದ್ದರು. ಹಾಗೇ ಯೆಹೋಶುವ 4ರಲ್ಲಿ ಯೊರ್ದನಿನಿಂದ ಹನ್ನೆರಡು ಕಲ್ಲು ಎತ್ತಿ ತಂದು ಇಟ್ಟರು. ಅವನ್ನು ಯಾರೂ ಒಡೆಯಲಿಲ್ಲ. ಮಕ್ಕಳು ಇದೇನು ಅಂತ ಕೇಳಿದಾಗ ಕಥೆ ಹೇಳೋದಕ್ಕೆ ಅವು ಇದ್ದವು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಕಟ್ಟಿದಾಗ ನಮ್ಮ ಕಡೆಯ ಹಳ್ಳಿಗಳೂ ನೀರಿನಡಿ ಹೋದವು. ಊರು ಬಿಟ್ಟು ಬಂದವರ ಮನೆಯಲ್ಲಿ ಆ ಊರಿನ ಒಂದು ಮಣೆ ಉಳಿದಿದ್ದರೆ, ಅದನ್ನು ಗುಜರಿಗೆ ಹಾಕಿ ಅಂತ ಯಾರಾದರೂ ಹೇಳ್ತೀವಾ?

ಹಾಗಾಗಿ ಒಂದು ವಸ್ತುವಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಇದು: ನಾನು ಇದರಿಂದ ಏನು ಕೇಳ್ತಾ ಇದ್ದೇನೆ? ಇದು ಬ್ಯಾಗಿನಲ್ಲಿದ್ದರೆ ಪರೀಕ್ಷೆ ಪಾಸು, ಇಲ್ಲದಿದ್ದರೆ ಕೇಡು ಅಂತ ನಂಬಿದರೆ ಅದು ಧೂಪ. ಅಪ್ಪನನ್ನು ನೆನೆದು ದೇವರಿಗೆ ಸ್ತೋತ್ರ ಹೇಳಿದರೆ ಅದು ಯೊರ್ದನಿನ ಕಲ್ಲು. ಇವೆರಡರ ವ್ಯತ್ಯಾಸ ಹೊರಗಿನವರ ಕಣ್ಣಿಗೆ ಕಾಣಲ್ಲ. ಅದಕ್ಕೇ ಆ ತಾಯಿಗೆ ಹೇಳಿದೆ: "ಸುಡಬೇಡಿ ಅಮ್ಮ. ಮಗಳನ್ನೇ ಕೂರಿಸಿಕೊಂಡು ಕೇಳಿ. ಬಿಡೋದಾದರೆ ಅವಳೇ ಬಿಡಲಿ." ಹಿಜ್ಕೀಯನು ಒಡೆದದ್ದು ಜನರೆಲ್ಲ ಧೂಪ ಹಾಕುತ್ತಿದ್ದ ವಸ್ತುವನ್ನು. ಒಂದು ಮಗುವಿನ ಮಡಿಲಿನಿಂದ ಅವನು ಏನನ್ನೂ ಕಿತ್ತುಕೊಳ್ಳಲಿಲ್ಲ.

ಇಟ್ಟುಕೊಂಡವರಿಗೂ ಒಂದು ಮಾತಿದೆ, ಬೇಜಾರು ಮಾಡಿಕೊಳ್ಳಬೇಡಿ. ಗೊಂಬೆ ಎದುರು ಮಾತಾಡಲ್ಲ, ವಯಸ್ಸಾಯ್ತು ಅಂತ ನರಳಲ್ಲ, ದುಡ್ಡು ಕೇಳಲ್ಲ. ಹಾಗಾಗಿ ಅದನ್ನು ಪ್ರೀತಿಸೋದು ಸುಲಭ. ತೀರಿಹೋದ ಅಪ್ಪನ ಗೊಂಬೆಯನ್ನು ಎದೆಗೆ ಒತ್ತಿಕೊಂಡು, ಬದುಕಿರುವ ಅಮ್ಮ ಮೂರು ಸಲ ಫೋನ್ ಮಾಡಿದರೂ ಎತ್ತದಿದ್ದರೆ, ಆ ಪ್ರೀತಿ ದಾರಿ ತಪ್ಪಿದೆ. ಗೊಂಬೆ ಕಲಿಸಿದ ಪಾಠ ಮನುಷ್ಯರ ಹತ್ತಿರ ಬರಬೇಕು. ಪಕ್ಕದ ಮನೆಯ ಮುದುಕಿ, ಮುದುಕಿಯರಲ್ಲಿ ಒಬ್ಬಳಲ್ಲ; ಅವಳು ಇವಳೇ. ತೋಟದ ಕೆಲಸಕ್ಕೆ ಬಂದ ಆಳು ಇನ್ನೊಬ್ಬ ಆಳಿಗೆ ಸಮ ಅಲ್ಲ, ಅವನಿಗೂ ಒಂದು ಹೆಸರಿದೆ.

ದಾವೀದನು ಕಥೆಯಲ್ಲಿನ ಕುರಿಮರಿಗೆ ಮರುಗಿದ. ತಾನು ಕಿತ್ತುಕೊಂಡದ್ದು ಊರೀಯನ ಹೆಂಡತಿಯನ್ನು ಅನ್ನೋದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಈ ವಾರ ಯಾರ ಮನೆಯಲ್ಲಾದರೂ, ಯಾರ ಮಡಿಲಿನಲ್ಲಾದರೂ ನಮಗೆ ಬೆಲೆಯಿಲ್ಲದ್ದು ಅಂತ ಕಾಣುವ ಒಂದು ವಸ್ತು ಇದ್ದರೆ, ಕೈ ಹಾಕುವ ಮುಂಚೆ ಕೇಳೋಣ: ಇದು ನಿನಗೆ ಏನು?

ಪ್ರಾರ್ಥಿಸೋಣ. ಕರ್ತನೇ, ನಮ್ಮೊಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುವವನೇ, ಇನ್ನೊಬ್ಬರ ಪ್ರೀತಿಯನ್ನು ನೋಡುವ ಕಣ್ಣು ಕೊಡು. ನಮ್ಮ ಪ್ರೀತಿ ವಸ್ತುವಿನಲ್ಲೇ ನಿಂತುಹೋಗದಂತೆ ಕಾಪಾಡು. ಯೇಸುವಿನ ನಾಮದಲ್ಲಿ, ಆಮೆನ್.