ವಿಪತ್ಕಾಲದಲ್ಲಿ ದಾನವೂ ಪಾಲನೆಯೂ

ಬೇಲೂರು, ಹಳೇಬೀಡು, ಅರಸೀಕೆರೆಗಳ ಸೀಮೆಯಲ್ಲಿ ನಿಂತಿರುವ ದಾನಶಾಸನಗಳ ಕ್ರಮವು ಬಹುಮಟ್ಟಿಗೆ ಒಂದೇ ತೆರನಾದುದು. ಮೊದಲು ದೇವತಾಸ್ತುತಿ, ಅನಂತರ ರಾಜವಂಶದ ಪ್ರಶಂಸೆ, ತರುವಾಯ ಬಿಟ್ಟ ಭೂಮಿಯ ಎಲ್ಲೆಕಟ್ಟು, ಗದ್ದೆ ಬೆದ್ದಲುಗಳ ಅಳತೆ, ನಂದಾದೀಪಕ್ಕೆ ಎಣ್ಣೆ, ಆಹಾರದಾನಕ್ಕೆ ಏರ್ಪಾಡು, ಕಟ್ಟಕಡೆಯಲ್ಲಿ ಶಾಪಾಶಯ. ಓದುವವರು ಸಾಮಾನ್ಯವಾಗಿ ಬಿರುದಾವಳಿಯಲ್ಲಿಯೇ ನಿಂತುಬಿಡುವರು. ಚರಿತ್ರಕಾರರಿಗೆ ತಿಥಿವಾರಗಳು ಸಿಕ್ಕಿದರೆ ಸಾಕು. ಆದರೆ ಆ ಕೊನೆಯ ಶ್ಲೋಕಗಳಲ್ಲಿ ಅಡಗಿರುವ ತತ್ತ್ವವು ಸಾಮಾನ್ಯವಾದುದಲ್ಲ. ದಾನ ಪಾಲನಗಳೆರಡರೊಳಗೆ ಪಾಲನವೇ ಮೇಲೆಂದೂ, ತಾನು ಕೊಟ್ಟುದಕ್ಕಿಂತ ಪರರು ಕೊಟ್ಟುದನ್ನು ಕಾಪಾಡುವುದರಿಂದ ಇಮ್ಮಡಿ ಪುಣ್ಯವೆಂದೂ, ಕೊಟ್ಟುದನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂದೂ ಅಲ್ಲಿ ಹೇಳಿರುವುದು. ಕೊಡುವವನೇ ತನ್ನ ಶಾಸನದಲ್ಲಿ ಕೊಡುವುದಕ್ಕಿಂತ ಕಾಪಾಡುವುದು ದೊಡ್ಡದೆಂದು ಬರೆಯಿಸಿದನು. ಈ ಮಾತಿನ ಬೆಲೆಯು ೨೦೨೦-೨೧ರ ಕೊರೋನಾ ಮಹಾಮಾರಿಯ ಕಾಲದಲ್ಲಿ ಹೊಸದಾಗಿ ಗೋಚರಿಸಿತು.

೨೦೨೦ನೆಯ ಮಾರ್ಚಿ ೨೫ರಂದು ಯುಗಾದಿ. ಅಂದಿನಿಂದಲೇ ದೇಶವೆಲ್ಲವೂ ದಿಗ್ಬಂಧನಕ್ಕೆ ಒಳಪಟ್ಟಿತು. ಚೈತ್ರಮಾಸದಲ್ಲಿ ಬೇಲೂರಿನ ಚೆನ್ನಕೇಶವನ ರಥಬೀದಿಯಲ್ಲಿ ನೆರೆಯಬೇಕಾಗಿದ್ದ ಜನರು ತಮ್ಮ ತಮ್ಮ ಮನೆಗಳಲ್ಲಿ ಕುಳಿತರು. ದೇವಾಲಯಗಳ ಬಾಗಿಲುಗಳು ಭಕ್ತರಿಗೆ ಜೂನ್ ತಿಂಗಳವರೆಗೆ ತೆರೆಯಲಿಲ್ಲ; ಮರುವರ್ಷ ಏಪ್ರಿಲಿನಿಂದ ಜುಲೈ ಮೊದಲವರೆಗೆ ಮತ್ತೊಮ್ಮೆ ಹಾಗೆಯೇ ಆಯಿತು. ದರ್ಶನವಿಲ್ಲದ ಮೇಲೆ ಕಾಣಿಕೆಯಿಲ್ಲ. ಕಾಣಿಕೆಯಿಲ್ಲದ ಮೇಲೆ ದಾಸೋಹವಿಲ್ಲ. ದೇವಾಲಯವೊಂದರ ಮಾತಲ್ಲ, ಛತ್ರ, ಅನಾಥಾಲಯ, ಉಚಿತ ವಿದ್ಯಾರ್ಥಿನಿಲಯ, ಧರ್ಮಾಸ್ಪತ್ರೆ, ಇವೆಲ್ಲಕ್ಕೂ ಅದೇ ಗತಿ. ಹಸಿದವರು ಹೆಚ್ಚಿದ ಕಾಲದಲ್ಲಿಯೇ ಅನ್ನವಿಡುವವರ ಕಣಜವು ಬರಿದಾಯಿತು. ಆಗ, ಧರ್ಮಸಂಸ್ಥೆಗಳನ್ನು ಸರ್ಕಾರವು ತನ್ನ ಬೊಕ್ಕಸದಿಂದ ಪೋಷಿಸಬಹುದೇ, ಪೋಷಿಸಿದರೆ ಅದು ಯಾವ ಬಗೆಯ ಕರ್ಮವೆನಿಸುವುದು ಎಂಬ ಪ್ರಶ್ನೆಯು ಹುಟ್ಟಿತು.

ಪ್ರಶ್ನೆಯು ಈ ದೇಶದ್ದು ಮಾತ್ರವಲ್ಲ. ಇಂಗ್ಲೆಂಡಿನ ಅರ್ಥಸಚಿವರು ಆ ವರ್ಷದ ಏಪ್ರಿಲ್ ೮ರಂದು ತಮ್ಮ ದೇಶದ ಧರ್ಮಸಂಸ್ಥೆಗಳಿಗಾಗಿ ೭೫ ಕೋಟಿ ಪೌಂಡುಗಳನ್ನು ಮೀಸಲಿಟ್ಟರು. ಅದರಲ್ಲಿ ೩೭ ಕೋಟಿಯು ಸಣ್ಣ ಹಾಗೂ ಮಧ್ಯಮ ಸಂಸ್ಥೆಗಳ ಪಾಲು. ಅದೇ ಏಪ್ರಿಲಿನಲ್ಲಿ ಭಾರತ ಸರ್ಕಾರವು ಬೇರೊಂದು ಮಾರ್ಗವನ್ನು ಹಿಡಿಯಿತು. ಅನ್ನದಾನದಲ್ಲಿ ತೊಡಗಿದ ಸಂಸ್ಥೆಗಳು ಹರಾಜಿನ ಗೊಡವೆಯಿಲ್ಲದೆ ಆಹಾರ ನಿಗಮದ ಉಗ್ರಾಣದಿಂದ ನೇರವಾಗಿ ಕಿಲೋಗ್ರಾಮಿಗೆ ೨೨ ರೂಪಾಯಿಯಂತೆ ಅಕ್ಕಿಯನ್ನೂ ೨೧ ರೂಪಾಯಿಯಂತೆ ಗೋಧಿಯನ್ನೂ ಕೊಳ್ಳಬಹುದೆಂದು ಅಪ್ಪಣೆಯಾಯಿತು. ಒಂದು ಸಲಕ್ಕೆ ಒಂದು ಟನ್ನಿನಿಂದ ಹತ್ತು ಟನ್ನಿನವರೆಗೆ. ಇದು ಉಪಯುಕ್ತವಾದ ಕ್ರಮವೇ ಹೌದು. ಆದರೆ ಒಂದು ಟನ್ನು ಅಕ್ಕಿಗೆ ೨೨,೦೦೦ ರೂಪಾಯಿ ರೊಕ್ಕವೂ, ಸಾಗಿಸಲು ಲಾರಿಯೂ, ಶೇಖರಿಸಲು ಕಣಜವೂ ಬೇಕು. ಇವು ಉಳ್ಳವರಿಗೆ ಸರ್ಕಾರದ ನೆರವು ತಲುಪಿತು. ದಿನಕ್ಕೆ ಐವತ್ತು ಎಲೆ ಹಾಕುವ ಹಳ್ಳಿಯ ಮಠಕ್ಕೆ ಅದು ಎಟುಕುವಂತಹುದಾಗಿರಲಿಲ್ಲ.

ಸರ್ಕಾರದ ಪೋಷಣೆಗೆ ವಿದ್ಯಾವಂತರಲ್ಲಿ ಎರಡು ಆಕ್ಷೇಪಗಳು ಕೇಳಿಬರುವುವು. ದಾನವು ಸ್ವೇಚ್ಛೆಯಿಂದ ಆಗಬೇಕಾದುದು. ತೆರಿಗೆಯಾದರೋ ಕಾನೂನಿನ ಬಲದಿಂದ ವಸೂಲಾಗುವುದು. ಒಬ್ಬನಿಂದ ಬಲಾತ್ಕಾರವಾಗಿ ತೆಗೆದು ಮತ್ತೊಬ್ಬನಿಗೆ ಕೊಡುವುದು ಹೇಗೆ ಧರ್ಮವಾದೀತೆಂಬುದು ಮೊದಲನೆಯದು. ಕೊಂಡವನು ಹಂಗಿಗೆ ಒಳಗಾಗುವನು. ಅರಸನ ಉಪ್ಪು ತಿಂದ ಮೇಲೆ ಅರಸನ ತಪ್ಪನ್ನು ತಪ್ಪೆಂದು ಹೇಳುವ ನಾಲಗೆ ಉಳಿಯದೆಂಬುದು ಎರಡನೆಯದು. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಎರಡೂ ಒಂದೇ ಭ್ರಾಂತಿಯ ಮೇಲೆ ನಿಂತಿವೆ. ಅದೇನೆಂದರೆ, ಸರ್ಕಾರವು ಕೊಡುವುದು ದಾನವೆಂಬುದು.

ನಮ್ಮ ಶಾಸ್ತ್ರಕಾರರು ಈ ಗಂಟನ್ನು ಬಹುಹಿಂದೆಯೇ ಬಿಡಿಸಿರುವರು. ತನ್ನ ಸ್ವತ್ವವನ್ನು ನಿವೃತ್ತಿಗೊಳಿಸಿ ಪರಸ್ವತ್ವವನ್ನು ಉಂಟುಮಾಡುವುದು ದಾನದ ಲಕ್ಷಣ. ತನ್ನದಲ್ಲದುದನ್ನು ಕೊಡುವವನು ದಾನಿಯಲ್ಲ. ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ವಿಶ್ವಜಿದ್ಯಾಗದ ವಿಚಾರವು ಬರುವುದು. ಆ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡತಕ್ಕದ್ದು. ಹಾಗಾದರೆ ಸಾರ್ವಭೌಮನು ಯಾಗ ಮಾಡಿದರೆ ಭೂಮಂಡಲವನ್ನೇ ಕೊಟ್ಟುಬಿಡಬೇಕೇ? ಕೂಡದೆಂಬುದು ಜೈಮಿನಿಯ ನಿರ್ಣಯ. ಭೂಮಿಯು ಎಲ್ಲರಿಗೂ ಸಮಾನವಾದುದು, ಅದು ಅರಸನ ಸೊತ್ತಲ್ಲ. ಅರಸನಿಗಿರುವುದು ರಕ್ಷಣೆಯ ಅಧಿಕಾರ. ಅವನು ಕೊಳ್ಳುವ ಆರನೆಯ ಒಂದು ಪಾಲು ಆ ರಕ್ಷಣೆಗೆ ಸಂಬಳವೆಂದು ಬೌಧಾಯನನ ಮತ. ಹಾಗಿದ್ದರೆ ಹೊಯ್ಸಳ ದೊರೆಗಳು ಊರೂರುಗಳನ್ನೇ ದತ್ತಿಬಿಟ್ಟುದು ಹೇಗೆಂದು ಕೇಳಬಹುದು. ಹದಿನೇಳನೆಯ ಶತಮಾನದ ನೀಲಕಂಠ ಭಟ್ಟನು ವ್ಯವಹಾರಮಯೂಖದಲ್ಲಿ ಇದಕ್ಕೆ ಸಮಾಧಾನ ಹೇಳಿರುವನು. ಗ್ರಾಮದಾನವೆಂಬಲ್ಲಿ ಅರಸನು ಕೊಡುವುದು ನೆಲವನ್ನಲ್ಲ, ಒಂದು ವೃತ್ತಿಯನ್ನು ಏರ್ಪಡಿಸುವನು, ಅಷ್ಟೆ.

ದೊರೆಗೇ ಇಲ್ಲದ ಸ್ವತ್ವವು ಮಂತ್ರಿಗಳಿಗೆ ಎಲ್ಲಿಂದ ಬಂದೀತು? ಬೊಕ್ಕಸದ ಹಣವು ಪ್ರಜೆಗಳದು. ಮಂತ್ರಿಮಂಡಲವು ಅದರ ಪಾರುಪತ್ಯಗಾರ. ಆದುದರಿಂದ ವಿಪತ್ಕಾಲದಲ್ಲಿ ಸರ್ಕಾರವು ಧರ್ಮಸಂಸ್ಥೆಗಳಿಗೆ ಒದಗಿಸುವ ಹಣವು ದಾನವಲ್ಲ, ಶಾಸನಗಳು ಹೇಳುವ ಅನುಪಾಲನವೇ. ಪರರು ಕೊಟ್ಟುದು, ಪರರು ಕಟ್ಟಿದುದು, ಒಂದು ದುಷ್ಕಾಲದಲ್ಲಿ ಕೆಟ್ಟುಹೋಗದಂತೆ ಕಾಯುವುದು. ಹೀಗೆಂದ ಮೇಲೆ ಎರಡು ಆಕ್ಷೇಪಗಳೂ ಸಡಿಲವಾಗುವುವು. ದಾನವೇ ಅಲ್ಲದುದರಿಂದ ಸ್ವೇಚ್ಛೆಯ ಪ್ರಶ್ನೆಯಿಲ್ಲ. ಕೆರೆಯ ಏರಿಯನ್ನು ಭದ್ರಪಡಿಸಲು ತೆರಿಗೆಯ ಹಣವನ್ನು ವಿನಿಯೋಗಿಸಿದಂತೆಯೇ ಇದು. ಕೊಟ್ಟವನೇ ಒಡೆಯನಲ್ಲದುದರಿಂದ ಹಂಗೂ ಇಲ್ಲ. ಅಕ್ಕಿಯ ಚೀಲದ ಮೇಲೆ ಮಂತ್ರಿಯ ಭಾವಚಿತ್ರವನ್ನು ಅಚ್ಚುಹಾಕಿಸುವುದು ಧರ್ಮಶಾಸ್ತ್ರದ ದೃಷ್ಟಿಯಲ್ಲಿ ಪರರ ಪುಣ್ಯಕ್ಕೆ ತನ್ನ ಹೆಸರಿಟ್ಟಂತೆ.

ಹಾಗಾದರೆ ಸರ್ಕಾರವೇ ನೇರವಾಗಿ ಎಲ್ಲವನ್ನೂ ಮಾಡಬಾರದೇಕೆ, ನಡುವೆ ಈ ಸಂಸ್ಥೆಗಳೇಕೆ, ಎಂದು ಮತ್ತೊಂದು ಶಂಕೆ. ಇದಕ್ಕೆ ಉತ್ತರವನ್ನು ಪ್ಲೇಗಿನ ಚರಿತ್ರೆಯಲ್ಲಿ ಹುಡುಕಬೇಕು. ೧೮೯೮ರಲ್ಲಿ ಆ ರೋಗವು ಹುಬ್ಬಳ್ಳಿ ಧಾರವಾಡಗಳ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದಿತು; ಆ ಹಾದಿಯು ಅರಸೀಕೆರೆಯ ಮೇಲೆಯೇ ಹಾದುಹೋಗುವುದು. ಆಗ ಶೇಷಾದ್ರಿ ಅಯ್ಯರ್ ದಿವಾನರು. ಸಂಸ್ಥಾನವು ಶಕ್ತಿಮೀರಿ ದುಡಿಯಿತು. ಆದರೂ ಮನೆ ಹೊಕ್ಕು ಪರೀಕ್ಷಿಸುವ ಅಧಿಕಾರಿಗಳನ್ನು ಕಂಡು ಜನರು ರೋಗಿಗಳನ್ನು ಬಚ್ಚಿಟ್ಟರು; ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ದಂಗೆಯೇ ನಡೆಯಿತು. ಹಳ್ಳಿಗಳ ಜನರು ಊರನ್ನು ತೊರೆದು ಹೊಲ ತೋಟಗಳಲ್ಲಿ ಗುಡಿಸಲು ಹಾಕಿಕೊಂಡು ಜೀವ ಉಳಿಸಿಕೊಂಡುದು ಈ ಜಿಲ್ಲೆಯ ಹಿರಿಯ ಮನೆತನಗಳಲ್ಲಿ ಬಹುಕಾಲ ಬಾಯಿಂದ ಬಾಯಿಗೆ ಬಂದ ಸಂಗತಿ. ಚನ್ನರಾಯಪಟ್ಟಣದ ಸೀಮೆಯ ಸಂತೇಶಿವರದಲ್ಲಿ ಜನಿಸಿದ ಎಸ್. ಎಲ್. ಭೈರಪ್ಪನವರು ಮನೆಯೊಂದನ್ನು ಪ್ಲೇಗು ಹೇಗೆ ಮುರಿಯಿತೆಂಬುದನ್ನು ೧೯೭೦ರ ‘ಗೃಹಭಂಗ’ದಲ್ಲಿ ಚಿತ್ರಿಸಿರುವರು. ಅಂಥ ಹೊತ್ತಿನಲ್ಲಿ ಗುಡಿಸಲಿನ ಬಾಗಿಲಿಗೆ ಯಾರು ಬಂದರೆ ಒಳಗಿನವರು ಹೆದರದೆ ಹೊರಕ್ಕೆ ಬರುವರೆಂಬುದೇ ಮುಖ್ಯ. ಅಮಲ್ದಾರನಿಗೆ ಸಂಖ್ಯೆ ಗೊತ್ತು. ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲವೆಂಬುದು ಜೋಳಿಗೆ ಹಿಡಿದು ಬೀದಿ ತಿರುಗುವ ಅಯ್ಯನವರಿಗೆ ಗೊತ್ತು. ಕೌಟಿಲ್ಯನೂ ವ್ಯಾಧಿಭಯವನ್ನು ಹೇಳುವಾಗ ವೈದ್ಯರ ಔಷಧವನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಸಿದ್ಧರನ್ನೂ ತಾಪಸರನ್ನೂ ಜೊತೆಗೆ ಸೇರಿಸಿದನು. ಶಾಂತಿಕರ್ಮದಲ್ಲಿ ನಂಬಿಕೆಯಿಲ್ಲದವರು ಸಹ ಜನರ ವಿಶ್ವಾಸವು ಯಾರಲ್ಲಿತ್ತೆಂಬುದನ್ನು ಇದರಿಂದ ತಿಳಿಯಬಹುದು.

ಇನ್ನು, ಕೊರೋನಾ ಕಾಲದಲ್ಲಿ ಸರ್ಕಾರವೇ ಕಳುಹಿಸಿದ ರೋಗಿಗಳಿಗಾಗಿ ಖಾಸಗಿ ಆಸ್ಪತ್ರೆಗಳಿಗೆ ಗೊತ್ತಾದ ದರದಂತೆ ಹಣ ಸಂದಾಯವಾಯಿತು. ಅದು ಕ್ರಯವೇ ಹೊರತು ಪೋಷಣೆಯಲ್ಲ. ಅದನ್ನು ಈ ವಿಚಾರಕ್ಕೆ ಬೆರಸಬೇಕಾಗಿಲ್ಲ.

ಈ ಸೀಮೆಯವರು ಮರೆಯಬಾರದ ಸಂಗತಿ ಬೇರೊಂದುಂಟು. ಶಾಸನಗಳಲ್ಲಿ ಎಲ್ಲೆಕಟ್ಟು ಹೇಳಿ ಬಿಟ್ಟ ಭೂಮಿಗಳು ಈಗ ಎಲ್ಲಿ? ೧೯೫೫ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಯಾತಿಯ ಕಾನೂನಿನಿಂದ ಅವು ಸರ್ಕಾರಕ್ಕೆ ಸೇರಿ ಗೇಣಿದಾರರ ಹಕ್ಕಿಗೆ ಬಂದವು. ಉಳುವವನಿಗೆ ನೆಲವು ಸಿಕ್ಕಿದುದು ನ್ಯಾಯವೇ. ಅದಕ್ಕಾಗಿ ಯಾರೂ ಶೋಕಿಸಬೇಕಾಗಿಲ್ಲ. ಆದರೆ ನೆಲಕ್ಕೆ ಬದಲಾಗಿ ದೇವಸ್ಥಾನಗಳಿಗೆ ವರ್ಷಾಶನದಂತೆ ನಗದಾಗಿ ಬರುವ ತಸ್ತೀಕನ್ನು ಸರ್ಕಾರದ ಔದಾರ್ಯವೆಂದು ಭಾವಿಸುವ ಅಭ್ಯಾಸವು ಮಾತ್ರ ತಪ್ಪು. ಅದು ಸಾಲದ ಕಂತು. ಹುಂಡಿಯು ಮುಚ್ಚಿದ ವರ್ಷದಲ್ಲಿ ಸಾಲಗಾರನು ಕಂತನ್ನು ಸ್ವಲ್ಪ ಹೆಚ್ಚಿಸಿ ಕೊಟ್ಟರೆ ಧನಿಕನು ಕೈಮುಗಿದು ನಿಲ್ಲಬೇಕೇ? ೨೦೨೧ರ ಜೂನಿನಲ್ಲಿ ಸರ್ಕಾರವು ಕಡಿಮೆ ಆದಾಯದ ‘ಸಿ’ ವರ್ಗದ ದೇವಸ್ಥಾನಗಳ ಅರ್ಚಕರಿಗೂ ಅಡಿಗೆಯವರಿಗೂ ತಲೆಗೆ ೩,೦೦೦ ರೂಪಾಯಿಯನ್ನು ಘೋಷಿಸಿತು. ಮನೆ ಮನೆ ತಿರುಗಿ ರೋಗಿಗಳನ್ನು ವಿಚಾರಿಸಿಕೊಂಡ ಆಶಾ ಕಾರ್ಯಕರ್ತೆಯರಿಗೂ ಅಷ್ಟೇ ಮೊತ್ತ. ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದುದು ಸರಿಯೇ ಎಂಬುದು ಬೇರೆ ಮಾತು.

ಅದೇ ಘೋಷಣೆಯಲ್ಲಿ ಮಸೀದಿಗಳ ಇಮಾಮರೂ ಸೇರಿದ್ದುದರಿಂದ, ಮುಜರಾಯಿಯ ಹಣವು ಅನ್ಯಮತೀಯರಿಗೆ ಹೋಗಕೂಡದೆಂಬ ಕೂಗೆದ್ದಿತು; ಆ ಇಲಾಖೆಯ ಲೆಕ್ಕದಿಂದ ಅಂಥ ಪಾವತಿಯನ್ನು ನಿಲ್ಲಿಸುವಂತೆ ಮಂತ್ರಿಗಳು ಆಜ್ಞಾಪಿಸಿದರು. ಯಾವ ಲೆಕ್ಕದ ಹಣವು ಯಾವ ಲೆಕ್ಕಕ್ಕೆ ಎಂಬುದನ್ನು ವಿಂಗಡಿಸಿ ಇಡುವುದು ಪಾರುಪತ್ಯಗಾರನ ಧರ್ಮ, ಅದರಲ್ಲಿ ದೋಷವಿಲ್ಲ. ಆದರೆ ಲೆಕ್ಕದ ವಿವಾದವು ಹಸಿವಿನ ವಿವಾದವಾಗಿ ಮಾರ್ಪಟ್ಟುದು ಶೋಚನೀಯ. ಅರಸೀಕೆರೆಯಲ್ಲಿ ಶಿವಾಲಯವೂ ಸಹಸ್ರಕೂಟ ಜಿನಾಲಯವೂ ಹದಿಮೂರನೆಯ ಶತಮಾನದ ಮೊದಲ ಭಾಗದಲ್ಲಿ, ಒಂದೇ ಅರಸುಮನೆತನದ ಆಳ್ವಿಕೆಯಲ್ಲಿ, ಒಂದೇ ಊರಿನಲ್ಲಿ ಎದ್ದವು.

ಹಂಗಿಲ್ಲವೆಂದ ಮಾತ್ರಕ್ಕೆ ಹೊಣೆಯಿಲ್ಲವೆಂದು ತಿಳಿಯಲಾಗದು. ಕೃತಜ್ಞತೆಯನ್ನು ಕೇಳುವ ಹಕ್ಕು ಸರ್ಕಾರಕ್ಕಿಲ್ಲ. ಲೆಕ್ಕವನ್ನು ಕೇಳುವ ಹಕ್ಕು ಪ್ರಜೆಗಳಿಗುಂಟು. ಪ್ರಾಚೀನರು ದತ್ತಿಯ ವಿವರವನ್ನು ಕಲ್ಲಿನಲ್ಲಿ ಕೊರೆಯಿಸಿ ದೇವಾಲಯದ ಅಂಗಳದಲ್ಲಿ ನಿಲ್ಲಿಸಿದುದು ಕೀರ್ತಿಗಾಗಿ ಮಾತ್ರವಲ್ಲ. ಎಷ್ಟು ಗದ್ದೆ, ಯಾರಿಗಾಗಿ, ಯಾವ ಕೆಲಸಕ್ಕೆ ಎಂಬುದು ಹೋಗಿ ಬರುವವರೆಲ್ಲರ ಕಣ್ಣಿಗೆ ಬೀಳಲೆಂದು. ಸರ್ಕಾರದಿಂದ ಅಕ್ಕಿ ಪಡೆದ ಮಠವಾಗಲಿ ಸಂಘವಾಗಲಿ ಪಡೆದುದೆಷ್ಟು, ಬಡಿಸಿದುದೆಷ್ಟು ಎಂಬುದನ್ನು ಬಾಗಿಲಲ್ಲಿ ಒಂದು ಹಲಗೆಯ ಮೇಲೆ ಬರೆದು ತೂಗುಹಾಕಲು ಯಾವ ಅಡ್ಡಿಯುಂಟು? ಆದರೆ ಕೇಳುವವರೂ ಹೇಳಬೇಕಷ್ಟೆ. ಅದೇ ಮಾರ್ಚಿಯಲ್ಲಿ ಪ್ರಧಾನಮಂತ್ರಿಗಳ ಹೆಸರಿನಲ್ಲಿ ಸ್ಥಾಪಿತವಾದ ಪರಿಹಾರನಿಧಿಯು ಮಾಹಿತಿ ಹಕ್ಕಿನ ಕಾನೂನಿಗೆ ಒಳಪಡುವುದಿಲ್ಲವೆಂದು ನ್ಯಾಯಾಲಯದಲ್ಲಿ ವಾದಿಸಲಾಯಿತು. ಅತ್ತ, ಮಹಾಮಾರಿಯು ಉಗ್ರವಾಗಿದ್ದ ೨೦೨೦ರ ಸೆಪ್ಟೆಂಬರಿನಲ್ಲಿಯೇ ವಿದೇಶೀ ವಂತಿಗೆಯ ಕಾನೂನು ತಿದ್ದುಪಡಿಯಾಗಿ, ಅಂಥ ಹಣವನ್ನು ಪಡೆದ ದೊಡ್ಡ ಸಂಸ್ಥೆಯು ಅದನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ಹಂಚಿಕೊಡುವುದು ನಿಷಿದ್ಧವಾಯಿತು; ಆಡಳಿತದ ವೆಚ್ಚವು ನೂರಕ್ಕೆ ಐವತ್ತರಿಂದ ಇಪ್ಪತ್ತಕ್ಕೆ ಇಳಿಯಿತು. ದುರುಪಯೋಗವನ್ನು ತಡೆಯಬೇಕೆಂಬ ಉದ್ದೇಶವು ಸಾಧುವಾದುದೇ ಆಗಿರಬಹುದು. ಹೊತ್ತು ಮಾತ್ರ ಸಾಧುವಾಗಿರಲಿಲ್ಲ. ಏರಿ ಒಡೆಯುತ್ತಿರುವಾಗ ತೂಬನ್ನು ಅಳೆಯಲು ಕುಳಿತಂತಾಯಿತು.

ಸಂಸ್ಥೆಗಳಿಗೂ ಒಂದು ಮಾತು ಸಲ್ಲುವುದು. ಸಾರ್ವಜನಿಕರ ಹಣದಿಂದ ಬಡಿಸುವಾಗ ಉಣ್ಣುವವನ ರುಚಿ ನೋಡಬೇಕೇ ಬಡಿಸುವವನ ವ್ರತ ನೋಡಬೇಕೇ ಎಂಬುದು ಮಹಾಮಾರಿಗೆ ಮೊದಲೇ ನಮ್ಮಲ್ಲಿ ಎದ್ದಿದ್ದ ತೊಡಕು. ಬೆಂಗಳೂರಿನ ಅಕ್ಷಯಪಾತ್ರದವರು ಶಾಲೆಯ ಮಕ್ಕಳ ಊಟದಲ್ಲಿ ಈರುಳ್ಳಿ ಬೆಳ್ಳುಳ್ಳಿಗಳನ್ನು ಸೇರಿಸದಿದ್ದುದರ ವಿಷಯವಾಗಿ ೨೦೧೮-೧೯ರಲ್ಲಿ ಬಹಳ ಚರ್ಚೆ ನಡೆಯಿತು. ಸ್ವಂತ ಮನೆಯ ಅಕ್ಕಿಯಾಗಿದ್ದರೆ ವ್ರತವೇ ಪ್ರಮಾಣ. ಪ್ರಜೆಗಳ ಅಕ್ಕಿಯಾದರೆ ಎಲೆಯ ಮುಂದೆ ಕುಳಿತವನೇ ಪ್ರಮಾಣ. ಎರಡೂ ಬೆರೆತಿರುವಲ್ಲಿ ಬಡಿಸುವವನು ಸ್ವಲ್ಪ ಬಾಗುವುದೇ ಲೇಸು. ಹಸಿದವನು ಆಗಲೇ ಬಾಗಿರುವನು.

ಪೋಷಣೆಯು ಎಷ್ಟು ಕಾಲ ನಡೆಯತಕ್ಕದ್ದೆಂಬುದು ಇನ್ನೂ ಕಠಿನವಾದ ಪ್ರಶ್ನೆ. ವ್ಯಾಧಿಯು ತೊಲಗಿ ಭಕ್ತರು ಮರಳಿದ ಬಳಿಕ ಬೇಲೂರಿನಂತಹ ಕ್ಷೇತ್ರಕ್ಕೆ ಬೊಕ್ಕಸದ ಆಸರೆ ಬೇಡ, ಯಾತ್ರಿಕರೇ ಸಾಕು. ಆದರೆ ಯಾತ್ರಿಕರು ಎಂದೂ ಬಾರದ ಹಳ್ಳಿಯ ಗುಡಿಯ ಸ್ಥಿತಿಯು ಮಹಾಮಾರಿಗೆ ಮುಂಚೆಯೂ ಅದೇ, ಅನಂತರವೂ ಅದೇ. ಆ ದಿನಗಳಲ್ಲಿ ಅಂಥ ಗುಡಿಗೆ ಸಲ್ಲುತ್ತಿದ್ದ ತಸ್ತೀಕು ವರ್ಷಕ್ಕೆ ೪೮,೦೦೦ ರೂಪಾಯಿ; ೨೦೨೨ರ ಆಯವ್ಯಯದಲ್ಲಿ ಅದನ್ನು ೬೦,೦೦೦ಕ್ಕೆ ಏರಿಸಲಾಯಿತು. ಮೊದಲಿನದನ್ನು ದಿನಕ್ಕೆ ಹಂಚಿದರೆ ೧೩೧ ರೂಪಾಯಿ ಚಿಲ್ಲರೆ, ಅಂದರೆ ಆಹಾರ ನಿಗಮದ ಆಗಿನ ದರದಲ್ಲಿ ಆರು ಕಿಲೋಗ್ರಾಮು ಅಕ್ಕಿಗೆ ಸಮ. ಏರಿಸಿದ ಮೇಲೆ ೧೬೪ ರೂಪಾಯಿ. ದೀಪದ ಎಣ್ಣೆ, ನೈವೇದ್ಯ, ಹೂವು, ಅರ್ಚಕನ ಸಂಸಾರದ ಊಟ, ಬಾಗಿಲಿಗೆ ಬಂದವನಿಗೆ ಒಂದು ತುತ್ತು, ಇಷ್ಟೂ ಆಗ ಅದರಲ್ಲಿಯೇ ನಡೆಯಬೇಕಾಗಿತ್ತು.