ಧಾರೆ ಎರೆಯದ ದಾನ

ಧಾರೆ ಎರೆಯದೆ ಕೊಟ್ಟದ್ದು ದಾನವಾಗದೆಂದು ನಮ್ಮ ಹಿರಿಯರ ಕಟ್ಟಲೆ. ಇದಿನ್ನು ನನ್ನದಲ್ಲವೆಂದು ಕೊಡುವವನು ತಿಳಿದು ನೀರು ಬಿಡಬೇಕು. ಜೇಬಿನಿಂದ ಜಾರಿದ ಕಾಸು ದಾನವಲ್ಲ. ಪುರೋಹಿತರ ಶಾಸ್ತ್ರವೆಂದು ಇದನ್ನು ತಳ್ಳಿಬಿಡುವುದು ಸುಲಭ. ಆದರೆ ಹೊಸ ವೈದ್ಯವಿಜ್ಞಾನ ಆ ಹಳೆಯ ಮಾತನ್ನೇ ಮತ್ತೆ ನಮ್ಮೆದುರು ತಂದು ನಿಲ್ಲಿಸಿದೆ.

ನಮ್ಮ ರಕ್ತದಲ್ಲಿ ಪ್ರತಿಕಾಯಗಳೆಂಬ ಕಾವಲುಗಾರರಿದ್ದಾರೆ. ಒಂದೊಂದಕ್ಕೂ ಒಂದೊಂದೇ ಗುರುತು ಗೊತ್ತು. ಕ್ಯಾನ್ಸರ್ ಗಡ್ಡೆಯ ಗುರುತನ್ನೇ ಹಿಡಿಯುವಂಥದನ್ನು ಪಾತ್ರೆಯಲ್ಲಿ ಬೆಳೆಸಬಹುದಾದರೆ? 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್, ಇಲಿಯ ಪ್ರತಿಕಾಯ ಮಾಡುವ ಜೀವಕೋಶವನ್ನು ಸಾವರಿಯದ ಕ್ಯಾನ್ಸರ್ ಕೋಶದೊಡನೆ ಬೆಸೆದು ದಾರಿ ತೆರೆದರು. (ಕ್ಯಾನ್ಸರಿನ ಮದ್ದಿಗೆ ಕ್ಯಾನ್ಸರಿನದೇ ಆಯುಸ್ಸು!) ಇಲಿಯದನ್ನು ನಮ್ಮ ಮೈ ಪರಕೀಯವೆಂದು ದೂಡುತ್ತದೆ; ಆದ್ದರಿಂದ ಗುರುತು ಹಿಡಿಯುವ ತುದಿಯನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಮನುಷ್ಯನದಾಗಿ ಮಾಡುತ್ತಾರೆ. ಕ್ಯೂಬಾದ ವಿಜ್ಞಾನಿಗಳು ಹೀಗೆ ರೂಪಿಸಿದ ನಿಮೋಟುಜುಮ್ಯಾಬ್ ಎಂಬುದನ್ನು ನಮ್ಮ ಬೆಂಗಳೂರಿನ ಬಯೋಕಾನ್ 2006ರಲ್ಲಿ ತಲೆ-ಕತ್ತಿನ ಕ್ಯಾನ್ಸರಿಗೆಂದು ಹೊರತಂದಿತು. ಹೊಗೆಸೊಪ್ಪು ಅಗಿಯುವ ನಾಡಿಗೆ ಬೇಕಾದ ಮದ್ದೇ ಸರಿ.

ಇಂಥ ಮದ್ದನ್ನು ಅಳೆಯುವ ಗೋಲೊಂದಿದೆ. ಮಜ್ಜೆಯ ಕ್ಯಾನ್ಸರಿನ ರೋಗಿಯೊಬ್ಬರ ಪ್ರತಿಕಾಯದ ಅಮೈನೋ ಆಮ್ಲಗಳ ಪೂರ್ಣ ಸರಣಿಯನ್ನು 1969ರಲ್ಲಿ ಎಡೆಲ್‌ಮನ್ ಮತ್ತು ಸಂಗಡಿಗರು ಬಿಡಿಸಿದರು. ಆ ಪ್ರತಿಕಾಯದ ಸಂಕೇತ ‘ಈಯು’. 1972ರಲ್ಲಿ ಎಡೆಲ್‌ಮನ್ನರಿಗೆ ನೊಬೆಲ್ ಬಂತು. ಪ್ರತಿಕಾಯದ ಯಾವ ಸ್ಥಾನ ಎಷ್ಟನೆಯದೆಂದು ವಿಜ್ಞಾನಿಗಳು ಇಂದಿಗೂ ‘ಈಯು’ ಲೆಕ್ಕದಲ್ಲಿ ಎಣಿಸುತ್ತಾರೆ. ರೋಗಿಯ ಪಾಲಿಗೆ ಉಳಿದದ್ದು ಎರಡಕ್ಷರ.

ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ತಾಯಿಯ ಗಡ್ಡೆಯ ಕೋಶಗಳನ್ನು 1951ರಲ್ಲಿ ಬಾಲ್ಟಿಮೋರ್‌ನಲ್ಲಿ ಆಕೆಯನ್ನು ಕೇಳದೆಯೇ ತೆಗೆದುಕೊಂಡರು. ಆಕೆ ಅದೇ ವರ್ಷ ತೀರಿಕೊಂಡರು. ಕೋಶಗಳು ಇನ್ನೂ ಬೆಳೆಯುತ್ತಿವೆ. ಮನೆಯವರಿಗೆ ಸುದ್ದಿ ಮುಟ್ಟಲು ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಜಾನ್ ಮೂರ್ ಎಂಬಾತನ ಮೊಕದ್ದಮೆಯಲ್ಲಿ 1990ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ, ತೆಗೆದುಹಾಕಿದ ಕೋಶ ರೋಗಿಯ ಸ್ವತ್ತಲ್ಲ, ಆದರೆ ವೈದ್ಯ ತನ್ನ ಉದ್ದೇಶವನ್ನು ಮೊದಲೇ ತಿಳಿಸಬೇಕಿತ್ತು ಎಂದಿತು. ನನಗೆ ಈ ತೀರ್ಪಿನ ಎರಡನೆಯ ಅರ್ಧವೇ ತೂಕದ್ದು. ಅದರಲ್ಲಿ ನಮ್ಮ ಧಾರೆಯ ನೀರಿದೆ.

ಎಲ್ಲರನ್ನೂ ಕೇಳುತ್ತ ಕುಳಿತರೆ ವಿಜ್ಞಾನ ನಡೆಯುವುದೆಂದು ಎಂದು ವಿಜ್ಞಾನ ವಿಭಾಗದ ಮಿತ್ರರು ಗದರುತ್ತಾರೆ. ಹೇರೋಹಳ್ಳಿಯಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರಿಗೆ ಬಾಯಿಯ ಗಡ್ಡೆ ಕುಯ್ದು ತೆಗೆದರು. ಅವರೆಂದರು: “ನಾಲ್ಕು ಹಾಳೆ ಇಂಗ್ಲಿಷಿನಲ್ಲಿತ್ತು ಮೇಷ್ಟ್ರೇ, ರುಜು ಹಾಕಿ ಅಂದರು, ಹಾಕಿದೆ. ತೆಗೆದದ್ದು ಯಾರಿಗಾದರೂ ಉಪಯೋಗವಾಗೋದಾದರೆ ಸಂತೋಷವಾಗಿ ಕೊಡ್ತಿದ್ದೆ. ಒಂದು ಮಾತು ಕೇಳಬೇಕಿತ್ತು.” ದನಿಯಲ್ಲಿ ಸಿಟ್ಟಿರಲಿಲ್ಲ. ಕೊಡುವ ಸುಖವೊಂದು ತಪ್ಪಿಹೋಯಿತೆಂಬ ಕೊರಗಿತ್ತು. ಕೇಳದೆ ಪಡೆದವನು ಬಡವನಿಂದ ಕಸಿಯುವುದು ಈ ಸುಖವನ್ನೇ. ಮೇಲೆ, ಪಡೆದದ್ದು ದಾನವಾಗದೆ ಸಾಲವಾಗಿ ಕೂಡುತ್ತದೆ. ಆ ಸಾಲದ ಲೆಕ್ಕ ಮದ್ದಿನ ಬೆಲೆಯಲ್ಲೆಲ್ಲೂ ಕಾಣದು.

ಆ ನಾಲ್ಕು ಹಾಳೆಯ ಸಾರವನ್ನು ಕನ್ನಡದಲ್ಲಿ ಬರೆದು ನೋಡಿದೆ. ‘ನಿಮ್ಮ ಗಡ್ಡೆಯ ತುಣುಕನ್ನು ಬೇರೆಯವರ ಮದ್ದಿಗಾಗಿ ಇಟ್ಟುಕೊಳ್ಳಬಹುದೇ? ಬೇಡವೆಂದರೂ ನಿಮ್ಮ ಚಿಕಿತ್ಸೆ ನಿಲ್ಲದು.’ ಎರಡೇ ಸಾಲು ಸಾಕಾಯಿತು.