ಸ್ಕಿನ್ ಕಲರ್ ಅಂದರೆ ಯಾರ ಬಣ್ಣ?

ಬಟ್ಟೆ ಅಂಗಡಿಗಳಲ್ಲಿ ‘ಸ್ಕಿನ್ ಕಲರ್’ ಅಂತ ಒಂದು ಬಣ್ಣ ಸಿಗುತ್ತದೆ. ಮುಂಬಯಿಯ ದಾದರಿನಲ್ಲೂ ಸಿಗುತ್ತದೆ, ನಿಮ್ಮ ಹುಬ್ಬಳ್ಳಿ, ಮಂಗಳೂರುಗಳಲ್ಲೂ ಸಿಗುತ್ತದೆ. ಲೈನಿಂಗ್ ಬಟ್ಟೆ, ಒಳ ಉಡುಪು, ಕಾಲುಚೀಲ, ಎಲ್ಲಕ್ಕೂ ಆ ಹೆಸರು. ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರೆ ಬಿಳುಪು ಬೆರೆತ ತಿಳಿ ಗುಲಾಬಿ. ಮಾರುವವನ ಚರ್ಮ ಆ ಬಣ್ಣದ್ದಲ್ಲ, ಕೊಳ್ಳುವವರ ಚರ್ಮವೂ ಅಲ್ಲ. ಆದರೂ ಇಬ್ಬರಿಗೂ ಅದು ಸ್ಕಿನ್ ಕಲರೇ. ಬ್ಯಾಂಕಿನಲ್ಲಿ ಇಡೀ ನೌಕರಿಯುದ್ದಕ್ಕೂ ಲೆಕ್ಕ ತಾಳೆ ನೋಡಿದ ನನಗೆ ಈ ಒಂದು ಲೆಕ್ಕ ಮಾತ್ರ ತಾಳೆಯಾಗುವುದಿಲ್ಲ.

ಇದರ ಬಗ್ಗೆ ನಾನು ಯೋಚಿಸತೊಡಗಿದ್ದು ಬ್ಯಾಲೆ ನೃತ್ಯದ ಉಡುಪಿನಿಂದ. ಕುಂದಾಪುರದ ಕಡೆಯವನು, ಎಂ.ಕಾಂ. ಓದಿ ಬ್ಯಾಂಕು ಸೇರಿದವನು, ಇವನಿಗೂ ಬ್ಯಾಲೆಗೂ ಎಲ್ಲಿಯ ನಂಟು ಅಂತ ನೀವು ಕೇಳಬಹುದು. ಮುಂಬಯಿ ಅಂದರೆ ಹಾಗೆಯೇ. ನಮ್ಮ ಕಟ್ಟಡದಲ್ಲಿ ಭರತನಾಟ್ಯಕ್ಕೆ ಹೋಗುವ ಮಕ್ಕಳೂ ಇದ್ದಾರೆ, ಬ್ಯಾಲೆಗೆ ಹೋಗುವ ಮಕ್ಕಳೂ ಇದ್ದಾರೆ. ನನ್ನ ಮೊಮ್ಮಗಳು ಎರಡನೆಯ ಗುಂಪಿಗೆ ಸೇರಿದವಳು. ಸೊಂಟದಿಂದ ಬೆರಳ ತುದಿಯವರೆಗೆ ಕಾಲಿಗೆ ಅಂಟಿಕೊಳ್ಳುವ ಟೈಟ್ಸ್, ಅದಕ್ಕೆ ಹೊಂದುವ ಮೆತ್ತನೆಯ ಶೂ ಅವಳಿಗೆ ಬೇಕಿತ್ತು. ‘ಗುಲಾಬಿ ಬಣ್ಣದ್ದಾ?’ ಅಂತ ಕೇಳಿದೆ. ‘ಪಿಂಕ್ ಅಲ್ಲ ಅಜ್ಜ, ಅದು ಸ್ಕಿನ್ ಕಲರ್’ ಅಂತ ತಿದ್ದಿದಳು. ಅವಳ ಕೈಕಾಲು ನನ್ನ ಹಾಗೇ ಎಣ್ಣೆಗೆಂಪು. ಎಂಟು ವರ್ಷಕ್ಕೇ ಆ ಹೆಸರು ಅವಳಿಗೆ ಕಂಠಪಾಠವಾಗಿತ್ತು.

ಈ ಗುಲಾಬಿ ಬಂದದ್ದು ಯೂರೋಪಿನಿಂದ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪ್ಯಾರಿಸ್ಸಿನ ರಂಗಭೂಮಿಯಲ್ಲಿ ಬ್ಯಾಲೆ ಇಂದಿನ ರೂಪಕ್ಕೆ ಬರುತ್ತಿತ್ತು. 1832ರಲ್ಲಿ ‘ಲಾ ಸಿಲ್ಫಿದ್’ ನೃತ್ಯರೂಪಕದಲ್ಲಿ ಮರೀ ತಾಲ್ಯೋನಿ ಬಿಳಿಯ ತೆಳು ಬಟ್ಟೆಯ ಲಂಗ ತೊಟ್ಟು, ಕಾಲ ತುದಿಯ ಮೇಲೆ ನಿಂತು ಜನರನ್ನು ಮರುಳು ಮಾಡಿದರು. ಬರಿಗಾಲು ತೋರಿಸುವಂತಿಲ್ಲ, ಆದರೆ ಬರಿಗಾಲಿನ ಭ್ರಮೆ ಬೇಕು. ಅದಕ್ಕೇ ಚರ್ಮದ ಬಣ್ಣದ ಟೈಟ್ಸ್. ಕುಣಿಯುವವರೂ ನೋಡುವವರೂ ಬಿಳಿಯರಾಗಿದ್ದಾಗ ‘ಯಾರ ಚರ್ಮ?’ ಎಂಬ ಪ್ರಶ್ನೆಯೇ ಹುಟ್ಟಲಿಲ್ಲ. ಅಲ್ಲಿಯವರೆಗೆ ಯಾರನ್ನೂ ದೂರುವಂತಿಲ್ಲ.

ತೊಡಕು ಶುರುವಾದದ್ದು ಆ ಮನೆಯ ಬಾಗಿಲಿಗೆ ಬೇರೆ ಚರ್ಮದವರು ಬಂದಾಗ. ಅಮೆರಿಕದ ಜಾನೆಟ್ ಕಾಲಿನ್ಸ್ ಹದಿಹರೆಯದಲ್ಲಿ ‘ಬ್ಯಾಲೆ ರೂಸ್ ದ ಮಾಂಟೆ ಕಾರ್ಲೊ’ ಎಂಬ ಹೆಸರಾಂತ ತಂಡಕ್ಕೆ ಪರೀಕ್ಷೆ ಕೊಟ್ಟರು. ಪ್ರತಿಭೆಗೆ ಕೊರತೆಯಿರಲಿಲ್ಲ, ಮುಖಕ್ಕೆ ಬಿಳಿ ಬಣ್ಣ ಬಳಿದುಕೊಳ್ಳಬೇಕು ಎಂಬುದು ಷರತ್ತು. ಅವರು ಒಲ್ಲೆ ಎಂದು ಹೊರಟುಹೋದರು. ಮುಂದೆ 1951ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮುಖ್ಯ ನರ್ತಕಿಯಾದರು. ಕಾಲಿನ್ಸ್ ಬಿಟ್ಟುಬಂದ ಅದೇ ತಂಡಕ್ಕೆ 1955ರಲ್ಲಿ ರೇವನ್ ವಿಲ್ಕಿನ್ಸನ್ ಸೇರಿದರು. ಅವರು ಮುಖದ ಬಣ್ಣ ತಿಳಿಯಾಗಿಸಿಕೊಂಡು ಕುಣಿದರು. ದಕ್ಷಿಣದ ರಾಜ್ಯಗಳಲ್ಲಿ ಕೂ ಕ್ಲಕ್ಸ್ ಕ್ಲಾನ್‌ನವರ ಬೆದರಿಕೆಯನ್ನೂ ಕಂಡರು.

ಇಬ್ಬರಲ್ಲಿ ಸರಿ ಯಾರು? ಊರಲ್ಲಿ ಕೂತು ಹೇಳುವುದಾದರೆ ‘ಕಾಲಿನ್ಸ್ ಮಾಡಿದ್ದೇ ಸರಿ, ಸ್ವಾಭಿಮಾನ ದೊಡ್ಡದು’ ಅಂದುಬಿಡಬಹುದು. ಪರವೂರಿನಲ್ಲಿ ನೌಕರಿ ಮಾಡಿದವನಿಗೆ ಅಷ್ಟು ಸಲೀಸಾಗಿ ಹಾಗನ್ನಲು ಬಾಯಿ ಬರುವುದಿಲ್ಲ. ಒಲ್ಲೆ ಎಂದವರಿಂದ ಮಾನ ಉಳಿಯಿತು. ಒಪ್ಪಿ ಒಳಗೆ ಹೋದವರಿಂದ ಹಿಂದೆ ಬರುವವರಿಗೆ ಬಾಗಿಲು ಅಷ್ಟಾದರೂ ತೆರೆಯಿತು. ಅದೇ ವಿಲ್ಕಿನ್ಸನ್ ಮುಪ್ಪಿನಲ್ಲಿ ಮಿಸ್ಟಿ ಕೋಪ್‌ಲ್ಯಾಂಡ್‌ಗೆ ಬೆನ್ನೆಲುಬಾದರು. 2015ರಲ್ಲಿ ಕೋಪ್‌ಲ್ಯಾಂಡ್ ಅಮೆರಿಕನ್ ಬ್ಯಾಲೆ ಥಿಯೇಟರಿನ ಪ್ರಧಾನ ನರ್ತಕಿಯಾದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆಯಾದರು. ಇವರಿಬ್ಬರಲ್ಲಿ ತಪ್ಪು ಹುಡುಕುವುದೇ ನನ್ನ ಮಟ್ಟಿಗೆ ತಪ್ಪು ಪ್ರಶ್ನೆ. ಕೇಳಬೇಕಾದ್ದು ಷರತ್ತು ಹಾಕಿದವರನ್ನು.

ಆ ಷರತ್ತಿಗೆ ಹೊಸ ಉತ್ತರ ಕೊಟ್ಟದ್ದು ಆರ್ಥರ್ ಮಿಚೆಲ್. ಹಾರ್ಲೆಮ್‌ನಲ್ಲಿ ಹುಟ್ಟಿ, 1955ರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆ ಸೇರಿದ ಕಪ್ಪು ಕಲಾವಿದ. 1957ರಲ್ಲಿ ಬಾಲಾಂಚಿನ್ ತಮ್ಮ ‘ಅಗಾನ್’ ನೃತ್ಯದ ಜೋಡಿ ಕುಣಿತವನ್ನು ಮಿಚೆಲ್ ಮತ್ತು ಬಿಳಿಯ ನರ್ತಕಿ ಡಯಾನಾ ಆಡಮ್ಸ್ ಇವರಿಗಾಗಿಯೇ ಕಟ್ಟಿದರು. ವೇಷಭೂಷಣದ ಆಡಂಬರವೇ ಇಲ್ಲ, ಅಭ್ಯಾಸದ ಉಡುಪು ಅಷ್ಟೇ. ಎರಡು ಬಣ್ಣದ ಕೈಗಳು ಹೆಣೆದುಕೊಳ್ಳುವುದೇ ಅಲ್ಲಿನ ಅಲಂಕಾರ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಮರುವರ್ಷ ಮಿಚೆಲ್ ತಮ್ಮ ಗುರು ಕ್ಯಾರಲ್ ಶುಕ್ ಜೊತೆ ಸೇರಿ ತಾವು ಹುಟ್ಟಿದ ಕೇರಿಯಲ್ಲೇ ‘ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್’ ಕಟ್ಟಿದರು.

ಮೊದಲಿಗೆ ಅಲ್ಲಿಯೂ ಗುಲಾಬಿ ಟೈಟ್ಸೇ ಇತ್ತು. 1970ರ ದಶಕದಲ್ಲಿ ಸ್ಥಾಪಕ ಕಲಾವಿದೆಯರಲ್ಲೊಬ್ಬರಾದ ಲಾಂಚಿ ಸ್ಟೀವನ್‌ಸನ್ ತನ್ನ ಮೈಬಣ್ಣದ ಟೈಟ್ಸ್ ತೊಡುವ ಮಾತೆತ್ತಿದರು, ಮಿಚೆಲ್ ಒಪ್ಪಿದರು. ಮುಂದೆ ಅದೇ ತಂಡದ ಗುರುತಾಯಿತು. ಒಬ್ಬೊಬ್ಬರದೂ ಒಂದೊಂದು ಛಾಯೆ, ಒಬ್ಬೊಬ್ಬರ ಕಾಲಿಗೂ ಅವರವರದೇ ಬಣ್ಣ.

ಇದನ್ನು ಬರೀ ಬಂಡಾಯ ಅಂದುಕೊಂಡರೆ ಅದರ ತಿರುಳು ತಪ್ಪಿಹೋಗುತ್ತದೆ. ಬ್ಯಾಲೆಯ ಶಾಸ್ತ್ರ ಕೇಳುವುದೇನು? ಸೊಂಟದಿಂದ ಕಾಲಿನ ತುದಿಯವರೆಗೆ ಒಂದೇ ಎಳೆಯ ಗೆರೆ ಕಾಣಬೇಕು, ಎಲ್ಲಿಯೂ ತುಂಡಾಗಬಾರದು. ಕಂದು ಮೈಗೆ ಗುಲಾಬಿ ಕಾಲು ತೊಡಿಸಿದರೆ ಆ ಗೆರೆ ಸೊಂಟದಲ್ಲೇ ತುಂಡಾಗುತ್ತದೆ. ಅಂದರೆ ಶಾಸ್ತ್ರವನ್ನು ಮುರಿಯುತ್ತಿದ್ದದ್ದು ಸಂಪ್ರದಾಯವೇ. ಶಾಸ್ತ್ರವನ್ನು ಉಳಿಸಿದ್ದು ಮಿಚೆಲ್. ನಿಯಮದ ಉದ್ದೇಶ ಬೇರೆ, ನಿಯಮದ ಅಭ್ಯಾಸ ಬೇರೆ ಅಂತ ಅವರು ಬಿಡಿಸಿ ತೋರಿಸಿದರು. ನಮ್ಮ ಬ್ಯಾಂಕಿನಲ್ಲೂ ಇಂಥ ಸುತ್ತೋಲೆಗಳು ಎಷ್ಟಿರಲಿಲ್ಲ! ಯಾಕೆ ಬಂತೋ ಯಾರಿಗೂ ನೆನಪಿಲ್ಲ, ಆದರೆ ಪಾಲಿಸದಿದ್ದರೆ ವಿವರಣೆ ಕೇಳುತ್ತಾರೆ.

ಉಡುಪಿನ ಈ ಧೈರ್ಯ ಮುಂದೆ ಕಥೆಗಳಿಗೂ ಹಬ್ಬಿತು. 1982ರ ‘ಫೈರ್‌ಬರ್ಡ್’ಗೆ ಜೆಫ್ರಿ ಹೋಲ್ಡರ್ ಉಜ್ವಲ ಬಣ್ಣಗಳ ವೇಷಭೂಷಣ ಮಾಡಿದರು; ರಷ್ಯದ ಜನಪದ ಕಥೆ ಹಸಿರು ಕಾಡಿಗೆ ಬಂತು. 1984ರಲ್ಲಿ ‘ಜಿಸೆಲ್’ ಕಥೆಯನ್ನು ಯೂರೋಪಿನ ಹಳ್ಳಿಯಿಂದ ಎತ್ತಿ, ಹತ್ತೊಂಬತ್ತನೆಯ ಶತಮಾನದ ಲೂಸಿಯಾನಾದ ಸ್ವತಂತ್ರ ಕಪ್ಪು ಜನರ ನಡುವೆ ಇಟ್ಟರು. ಹೆಜ್ಜೆ ಹಳೆಯದೇ, ಮೈ ಮಾತ್ರ ತಮ್ಮದು.

ಆದರೆ ಖರ್ಚು ಯಾರದು? ಬ್ಯಾಂಕಿನವನಿಗೆ ಈ ಪ್ರಶ್ನೆ ಬಾರದೆ ಇರುವುದಿಲ್ಲ. ಅಂಗಡಿಯಲ್ಲಿ ಸಿಗುತ್ತಿದ್ದದ್ದು ಗುಲಾಬಿ ಮಾತ್ರ. ಟೈಟ್ಸನ್ನು ಬಣ್ಣದ ನೀರಿನಲ್ಲಿ ಅದ್ದಬೇಕಿತ್ತು. ಸ್ಯಾಟಿನ್ ಶೂಗೆ, ಅದರ ರಿಬ್ಬನ್ನಿಗೆ ಮುಖದ ಮೇಕಪ್ಪನ್ನು ಸ್ಪಂಜಿನಿಂದ ಬಳಿಯಬೇಕಿತ್ತು. ಅಂಥ ಶೂ ಒಂದೇ ಪ್ರದರ್ಶನಕ್ಕೆ ಸವೆದುಹೋಗುವುದೂ ಉಂಟು, ಮತ್ತೆ ಹೊಸ ಜೋಡಿಗೆ ಬಳಿಯಬೇಕಿತ್ತು. ಗುಲಾಬಿ ಮೈಯವರು ಕಾಲು ಚಾಚಿ ವಿಶ್ರಾಂತಿ ತೆಗೆದುಕೊಳ್ಳುವ ಹೊತ್ತಿನಲ್ಲಿ ಇವರು ಶೂಗೆ ಬಣ್ಣ ಹಚ್ಚುತ್ತಿದ್ದರು. ಯಾವ ಲೆಜರಿನಲ್ಲೂ ಬರೆಯದ ತೆರಿಗೆ ಇದು. ಸಾಲದ ಹೊರೆಯಿಂದ ಹಾರ್ಲೆಮ್ ತಂಡ 2004ರಲ್ಲಿ ಪ್ರದರ್ಶನವನ್ನೇ ನಿಲ್ಲಿಸಿ 2012ರಲ್ಲಿ ಮತ್ತೆ ರಂಗಕ್ಕೆ ಬಂತು. ಲಂಡನ್ನಿನ ಫ್ರೀಡ್ ಕಂಪನಿ ಶೂ ಮಾಡತೊಡಗಿದ್ದು 1929ರಲ್ಲಿ. ಅದು ‘ಬ್ಯಾಲೆ ಬ್ಲ್ಯಾಕ್’ ತಂಡದ ಜೊತೆ ಸೇರಿ ಕಂದು ಬಣ್ಣದ ಎರಡು ಛಾಯೆಗಳ ಶೂ ಹೊರತಂದದ್ದು 2018ರಲ್ಲಿ. ಮಿಚೆಲ್ ತೀರಿಕೊಂಡದ್ದೂ ಅದೇ ವರ್ಷ.

ಹಾಗಂತ ಬಣ್ಣ ಬಳಿದುಕೊಳ್ಳುವುದೇ ಅವಮಾನವೇ? ಯಕ್ಷಗಾನ ನೋಡುತ್ತ ಬೆಳೆದ ನಾನು ಹಾಗೆ ಒಪ್ಪುವುದಿಲ್ಲ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ಆಟ ಆಡುವಾಗ ಚೌಕಿಗೆ ಹೋಗಿ ಕೂರುವುದು ನನಗೆ ಇಷ್ಟ. ಅರದಾಳ, ಇಂಗಳೀಕ ಹಚ್ಚಿದ ಮೇಲೆ ಕಪ್ಪಗಿರುವ ಕಲಾವಿದ, ಬೆಳ್ಳಗಿರುವ ಕಲಾವಿದ ಎಂಬ ಭೇದ ಉಳಿಯುವುದಿಲ್ಲ. ರಾಕ್ಷಸನ ಮುಖದ ಬಣ್ಣ ಯಾರ ಚರ್ಮದ್ದೂ ಅಲ್ಲ, ಅದು ಪಾತ್ರದ್ದು. ಸ್ತ್ರೀವೇಷದ ಬಣ್ಣದಲ್ಲಿ ನಮಗೂ ಬಿಳುಪಿನ ಮೋಹ ಇದೆ ಅನ್ನುವುದು ನಿಜ. ಆದರೂ ಎಲ್ಲರೂ ಹಚ್ಚಿಕೊಳ್ಳುವ ಬಣ್ಣ ವೇಷ. ಕೆಲವರು ಹುಟ್ಟುತ್ತಲೇ ಪಡೆದು, ಉಳಿದವರು ಮಾತ್ರ ಬಳಿದುಕೊಳ್ಳಬೇಕಾದ ಬಣ್ಣ ವೇಷವಲ್ಲ, ಅದು ಪ್ರವೇಶ ಶುಲ್ಕ. ನನ್ನ ತಕ್ಕಡಿ ಇಷ್ಟೇ.

ಈ ತಕ್ಕಡಿ ಬ್ಯಾಲೆಯಾಚೆಗೂ ತೂಗುತ್ತದೆ. 1958ರಲ್ಲಿ ಡುಪಾಂಟ್ ಕಂಪನಿ ಕಂಡುಹಿಡಿದ, ಲೈಕ್ರಾ ಅಂತ ಹೆಸರಾದ ನೂಲು ನರ್ತಕರ ಮೈಗೆ ಚರ್ಮದ ಹಾಗೆ ಅಂಟಿಕೊಂಡಿತು. 1980ರ ದಶಕದಲ್ಲಿ ‘ಫೇಮ್’, ‘ಫ್ಲ್ಯಾಶ್‌ಡಾನ್ಸ್’ ಸಿನಿಮಾಗಳ ಹಿಂದೆಯೇ ಆ ಉಡುಪು, ಮೊಣಕಾಲಿನ ಕೆಳಗಿನ ಉಣ್ಣೆಯ ಲೆಗ್ ವಾರ್ಮರ್ ಎಲ್ಲ ಅಭ್ಯಾಸದ ಕೋಣೆ ಬಿಟ್ಟು ಬೀದಿಗೆ ಬಂದವು. ಕುಣಿಯದವರೂ ಕುಣಿಯುವವರ ಹಾಗೆ ತೊಟ್ಟರು. ಆ ಕಾಲುಚೀಲಗಳ ಜೊತೆ ‘ನ್ಯೂಡ್’ ಎಂಬ ಬಣ್ಣದ ಹೆಸರೂ ಬೀದಿ ಬೀದಿ ಸುತ್ತಿತು. ಕ್ರೇಯೋಲಾ ಕಂಪನಿ ಮಕ್ಕಳ ಬಣ್ಣದ ಕಡ್ಡಿಗಿದ್ದ ‘ಫ್ಲೆಶ್’ ಎಂಬ ಹೆಸರನ್ನು 1962ರಲ್ಲೇ ‘ಪೀಚ್’ ಅಂತ ಬದಲಿಸಿತ್ತು. ಕಡ್ಡಿಯ ಮೇಲಿನ ಹೆಸರು ಅಳಿಸುವುದು ಸುಲಭ. ನಮ್ಮ ಅಂಗಡಿಗಳ ಬಾಯಿಂದ ಇನ್ನೂ ಹೋಗಿಲ್ಲ.

ಈಗ ನನ್ನದೇ ವಿಷಯಕ್ಕೆ ಬರುತ್ತೇನೆ. ಮುಂಬಯಿಗೆ ಬಂದ ಮೇಲೆ ಮರಾಠಿ ಕಲಿತೆ. ಅದು ನನಗೆ ಭಾರವೆನಿಸಲಿಲ್ಲ. ಪಿಂಚಣಿ ತೆಗೆದುಕೊಳ್ಳಲು ಬಂದ ಅಜ್ಜಿಗೆ ತನ್ನ ದುಡ್ಡಿನ ಲೆಕ್ಕ ತನ್ನ ಭಾಷೆಯಲ್ಲಿ ತಿಳಿಯಬೇಕು. ಆ ನಿಯಮಕ್ಕೆ ಉದ್ದೇಶ ಇತ್ತು. ಆದರೆ ಒಂದು ಶಾಖೆಯಲ್ಲಿ ನಾವಿಬ್ಬರು ಕನ್ನಡದವರು ಊಟದ ಡಬ್ಬಿ ಬಿಚ್ಚಿಕೊಂಡು ಕನ್ನಡದಲ್ಲಿ ಮಾತಾಡಿದರೆ, ಮೇಲಧಿಕಾರಿಯೊಬ್ಬರು ‘ಇದು ಆಫೀಸು, ನಿಮ್ಮ ಉಡುಪಿ ಹೋಟೆಲ್ ಅಲ್ಲ’ ಅನ್ನುತ್ತಿದ್ದರು. ಎದುರಿಗೆ ಗ್ರಾಹಕರಿಲ್ಲ, ಕೈಯಲ್ಲಿ ಫೈಲಿಲ್ಲ. ಅಲ್ಲಿ ಯಾವ ಗೆರೆ ತುಂಡಾಗುತ್ತಿತ್ತು? ಅದು ಗುಲಾಬಿ ಟೈಟ್ಸು, ಅಷ್ಟೇ. ನನ್ನ ಆ ಜೊತೆಗಾರರು ನಿವೃತ್ತರಾಗಿ ವರ್ಷಗಳೇ ಕಳೆದಿವೆ. ಈಗಲೂ ಲೋಕಲ್ ರೈಲಿನಲ್ಲಿ ತಂಗಿಯ ಫೋನು ಬಂದರೆ ಕೈ ಅಡ್ಡ ಹಿಡಿದು ಮೆಲ್ಲನೆ ಕನ್ನಡ ಆಡುತ್ತಾರೆ. ಬಳಿದ ಬಣ್ಣ ಒಮ್ಮೊಮ್ಮೆ ಒಳಗೂ ಇಳಿಯುತ್ತದೆ.

ಇದನ್ನು ಊರಿನಲ್ಲಿರುವ ನಿಮಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ಈಗ ಬೆಂಗಳೂರಿಗೂ ಮಂಗಳೂರಿಗೂ ದುಡಿಯಲು ಬಂದವರಿದ್ದಾರೆ: ಗಾರೆ ಕೆಲಸಕ್ಕೆ, ಹೋಟೆಲಿನ ಅಡುಗೆಮನೆಗೆ, ಕಂಪ್ಯೂಟರಿನ ಮುಂದೆ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ನಮ್ಮ ಜನರ ಜೊತೆ ಕನ್ನಡದಲ್ಲಿ ವ್ಯವಹರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ನಾನು ಮರಾಠಿ ಕಲಿತದ್ದಕ್ಕಿಂತ ಹೆಚ್ಚೇನನ್ನೂ ಅದು ಕೇಳುವುದಿಲ್ಲ. ಆದರೆ ಅವರ ಉಚ್ಚಾರಕ್ಕೆ ನಗುವಾಗ, ಡಬ್ಬಿಯ ವಾಸನೆಗೆ ಮೂಗು ಮುರಿಯುವಾಗ, ‘ನಮ್ಮ ಹಾಗಿರಿ’ ಅನ್ನುವಾಗ ಒಂದು ಗಳಿಗೆ ತಡೆದು ಯೋಚಿಸಿ: ನಾವು ಕೇಳುತ್ತಿರುವುದು ಹೆಜ್ಜೆಯನ್ನೋ, ಚರ್ಮವನ್ನೋ? ಹೆಜ್ಜೆ ಕಲಿಯುವುದು ಬಂದವರ ಕರ್ತವ್ಯ. ಅವರ ಕಾಲು ಅವರ ಬಣ್ಣದಲ್ಲೇ ಇದ್ದರೆ ಕುಣಿತ ಕೆಡುವುದಿಲ್ಲ.